ಹದಿನೈದಕ್ಕೆ ಇನ್ನೂ ಆರು ದಿನ

ನಮ್ಮ ಊರಿನ ರಸ್ತೆಗಳಿಗೆ ನುಣುಪು ಬರುವುದು ದೀಪಾವಳಿಯ ಆಸುಪಾಸಿನಲ್ಲಿ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ, ಹಿಂದಿನ ದಿನದವರೆಗೆ ತರಿತರಿಯಾಗಿದ್ದ ರಸ್ತೆ ಉಜ್ಜಿಟ್ಟ ತಾಮ್ರದ ತಟ್ಟೆಯ ಹಾಗೆ ಹೊಳೆಯುತ್ತಿರುತ್ತದೆ. ಅದು ನೀರೂ ಅಲ್ಲ, ಎಣ್ಣೆಯೂ ಅಲ್ಲ. ಮುಟ್ಟಿದರೆ ತಣ್ಣಗೂ ಇರುವುದಿಲ್ಲ. ಕಾಲಿಟ್ಟರೆ ಮಾತ್ರ ನಿಲ್ಲುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ತಾನಾಗಿಯೇ ಹೋಗುತ್ತದೆ. ಅಲ್ಲಿಯವರೆಗೆ ನಾವು ಮೊಳೆ ಹೊಡೆದ ಚಪ್ಪಲಿ ಹಾಕಿಕೊಂಡು ನಡೆಯುತ್ತೇವೆ, ಎಮ್ಮೆಗಳ ಗೊರಸಿಗೂ ಮೊಳೆ ಕೂಡಿಸುತ್ತೇವೆ, ಮುದುಕರು ಹಿಡಿದು ನಡೆಯಲೆಂದು ಓಣಿಯ ಗೋಡೆಗಳಿಗೆ ಹಗ್ಗ ಕಟ್ಟುತ್ತೇವೆ. ಪರವೂರಿನ ಬೀಗರು ಬರುವ ದಿನ, ಅವರು ಬಿದ್ದರೆ ನಗಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಟ್ಟಿರುತ್ತೇವೆ. ವಾಹನಗಳಿಗೆ ಕಬ್ಬಿಣದ ಗಿಡ್ಡ ಮೊಳೆಗಳನ್ನು ರಬ್ಬರಿನೊಳಗೆ ಕೂರಿಸಿದ ಟೈರುಗಳಿವೆ. ಅವನ್ನು ಮೊಳೆಗಾಲಿ ಎನ್ನುತ್ತೇವೆ. ಉಳಿದ ದಿನಗಳ ಸಾದಾ ಟೈರು ಬೋಳುಗಾಲಿ.

ಊರು ಒಂದೇ ಆದರೂ ಪುರಸಭೆಗಳು ಎರಡು. ಗುಡ್ಡದ ಮೇಲಿನದು ಮೇಲಿನ ಪೇಟೆ. ಅಲ್ಲಿಯ ರಸ್ತೆ ಕರಿಕಲ್ಲಿನದು, ಮೊಳೆಗೆ ಜಗ್ಗುವುದಿಲ್ಲ. ನುಣುಪು ಮೊದಲು ಅಲ್ಲಿಗೇ ಬರುವುದರಿಂದ ನವೆಂಬರ್ ಒಂದರಿಂದ ಅಲ್ಲಿ ಎಲ್ಲ ವಾಹನಗಳಿಗೂ ಮೊಳೆಗಾಲಿ ಕಡ್ಡಾಯ. ಇಳಿಜಾರಿನ ಬುಡದಲ್ಲಿ ಕೆಳಗಿನ ಪೇಟೆ. ಅಲ್ಲಿಯ ರಸ್ತೆ ಮೆತ್ತನೆಯ ಕೆಂಪುಕಲ್ಲಿನದು. ನುಣುಪಿಲ್ಲದ ಒಣರಸ್ತೆಯ ಮೇಲೆ ಮೊಳೆಗಾಲಿ ಉರುಳಿದರೆ ಕಲ್ಲು ಅರೆದು ಹಿಟ್ಟಾಗುತ್ತದೆ, ಆ ಕೆಂಪು ಧೂಳು ಮನೆಮನೆಯ ಅನ್ನದ ಮೇಲೆ ಕೂರುತ್ತದೆ, ಮಕ್ಕಳ ಎದೆಗೆ ಇಳಿಯುತ್ತದೆ. ಹಾಗಾಗಿ ಕೆಳಗಿನ ಪೇಟೆಯಲ್ಲಿ ನವೆಂಬರ್ ಹದಿನೈದರವರೆಗೆ ಮೊಳೆಗಾಲಿಗೆ ನಿಷೇಧ. ನುಣುಪು ಅಲ್ಲಿಗೆ ಇಳಿಯುತ್ತಿದ್ದದ್ದೂ ಇಪ್ಪತ್ತನೇ ತಾರೀಕು ದಾಟಿದ ಮೇಲೆಯೇ. ನಡುವಿನ ಎರಡು ವಾರ, ಇಳಿಜಾರಿನ ತಲೆಯಲ್ಲಿರುವ ಗಡಿಗೇಟಿನ ಬಳಿ ಪ್ರತಿ ವಾಹನವೂ ನಿಂತು, ಇಳಿಯುವಾಗ ಬೋಳುಗಾಲಿ, ಹತ್ತುವಾಗ ಮೊಳೆಗಾಲಿ ಹಾಕಿಸಿಕೊಳ್ಳಬೇಕು. ಆ ಗೇಟಿನಲ್ಲಿ ಇಪ್ಪತ್ತೆರಡು ವರ್ಷ ನಾನು ತಪಾಸಣೆಗಾರನಾಗಿದ್ದೆ. ವರ್ಷದ ಉಳಿದ ದಿನ ಅಲ್ಲಿ ವಾಹನಗಳ ಲೆಕ್ಕ ಬರೆಯುವುದಷ್ಟೇ ಕೆಲಸ. ನನ್ನ ಹೆಸರು ಗುರುಶಾಂತ.

ಗಾಲಿ ಬಿಚ್ಚಿ ಹಾಕುತ್ತಿದ್ದವನು ಯಮನಪ್ಪ. ನನಗಿಂತ ನಾಲ್ಕು ವರ್ಷ ಮೊದಲೇ ಆ ಕೆಲಸಕ್ಕೆ ಬಂದವನು. ಕಡಿಮೆ ಮಾತು, ಅಗಲವಾದ ಅಂಗೈ. ಬಸ್ಸಿನ ಆರು ಗಾಲಿ ಬದಲಾಯಿಸಲು ಅವನಿಗೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಪ್ರಯಾಣಿಕರು ಗೇಟಿನ ಪಕ್ಕದ ಉದ್ದನೆಯ ಬಾಕಿನ ಮೇಲೆ ಕೂರುತ್ತಿದ್ದರು. ಅಲ್ಲೇ ಸೊಪ್ಪು ಸೋಸುತ್ತಿದ್ದರು, ಅರ್ಜಿ ಬರೆಯುತ್ತಿದ್ದರು, ಹೆಣ್ಣುಗಂಡಿನ ಮಾತು ತೆಗೆಯುತ್ತಿದ್ದರು. ನವೆಂಬರಿನ ಆ ಬಾಕಿನ ಮೇಲೆ ಕುದುರಿದ ಸಂಬಂಧಗಳು ನನಗೆ ಗೊತ್ತಿರುವಂತೆ ಏಳು. ಯಮನಪ್ಪನ ಮಗಳು ಕಸ್ತೂರಿ ಕೆಳಗಿನ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ದಿನವೂ ಹನ್ನೊಂದರ ಬಸ್ಸಿಗೆ ಇಳಿಯುತ್ತಿದ್ದಳು. ಅಪ್ಪ ಗಾಡಿಯ ಕೆಳಗೆ ಮಲಗಿ ಪಾನದಿಂದ ಬೋಲ್ಟು ತಿರುಗಿಸುತ್ತಿದ್ದರೆ ಬಾಕಿನ ಮೇಲೆ ಕೂತು ಯಾರದೋ ರವಿಕೆಗೆ ಕೈಹೊಲಿಗೆ ಹಾಕುತ್ತಿದ್ದಳು.

ಆ ವರ್ಷ ನವೆಂಬರ್ ಒಂಬತ್ತರಂದು ಹನ್ನೊಂದರ ಬಸ್ಸು ಗೇಟಿಗೆ ಬಂದಾಗ ಚಾಲಕಿ ದ್ಯಾಮವ್ವ ಎಂದಿನಂತೆ ಬಾಕಿನ ಕಡೆ ಹೋಗಲಿಲ್ಲ. ನೇರ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅವಳು ಕೆಳಗಿನ ಪೇಟೆಯವಳು. ಹನ್ನೆರಡು ವರ್ಷ ಬಸ್ಸು ಓಡಿಸಿದ್ದಳು. ಒಮ್ಮೆಯೂ ಗೋಡೆಗೆ ತಾಗಿಸಿದವಳಲ್ಲ.

"ಸಾಹೇಬ್ರ, ಗಾಲಿ ಬಿಚ್ಚಿಸಬ್ಯಾಡ್ರಿ. ಮುಂಜಾನೆ ಹತ್ತಿ ಬರೂವಾಗ ಗಿರಣಿ ತಿರುವಿನ್ಯಾಗ ಹಿಂದಿನ ಗಾಲಿ ಜಾರಿದ್ವು. ಕೆಳಗ ನುಣುಪು ಬಂದೈತಿ."

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. "ಹದಿನೈದಕ್ಕ ಇನ್ನೂ ಆರು ದಿನ ಐತಲ್ಲವಾ," ಎಂದೆ.

ಅದು ಬರೀ ಹಟದಿಂದ ಆಡಿದ ಮಾತಲ್ಲ. ಹಿಂದಿನ ವರ್ಷ ಒಂದು ಲಾರಿಯನ್ನು ಎರಡು ದಿನ ಮೊದಲೇ ಮೊಳೆಗಾಲಿಯಲ್ಲಿ ಬಿಟ್ಟಿದ್ದೆ. ಮರುದಿನ ಕೆಳಗಿನ ಪೇಟೆಯ ಪುರಸಭೆಯ ಅಧ್ಯಕ್ಷೆ ಅಂಬುಜಾಕ್ಷಿಯವರು ತಮ್ಮ ಮಗನನ್ನು ಕರೆದುಕೊಂಡು ಗೇಟಿಗೆ ಬಂದಿದ್ದರು. ಬೈಯಲಿಲ್ಲ. ಹುಡುಗನ ಬೆನ್ನಿಗೆ ಕಿವಿ ಇಟ್ಟು ಕೇಳಿರೆಂದು ನನಗೆ ಹೇಳಿದರು. ಕೇಳಿದೆ. ಒಳಗೆ ಒಣ ಎಲೆಯ ಮೇಲೆ ಯಾರೋ ನಡೆದಾಡಿದಂಥ ಸದ್ದು. ಆ ಸದ್ದು ನನ್ನ ಕಿವಿಯಲ್ಲೇ ಇತ್ತು. ಜೊತೆಗೆ ಎರಡೂ ಪುರಸಭೆಗಳಿಂದ ಬಂದ ಎಚ್ಚರಿಕೆಯ ಪತ್ರವೂ ಇತ್ತು.

ನಾನು ಗೇಟು ದಾಟಿ ನಾಲ್ಕು ಹೆಜ್ಜೆ ಹೋಗಿ ಚಪ್ಪಲಿಯಿಂದ ರಸ್ತೆ ಉಜ್ಜಿದೆ. ತರಿಯಾಗಿಯೇ ಇತ್ತು. ಗಿರಣಿಯ ತಿರುವು ಅಲ್ಲಿಂದ ಇನ್ನೂರು ಗಜ. ಹೋಗಿ ನೋಡಿ ಬರಲು ಹತ್ತು ನಿಮಿಷ ಸಾಕಿತ್ತು. ಬಿಸಿಲು ಏರುತ್ತಿತ್ತು, ಹಿಂದೆ ಎರಡು ಟೆಂಪೋ ನಿಂತು ಹಾರ್ನ್ ಹೊಡೆಯುತ್ತಿದ್ದವು. ನಾನು ತಿರುಗಿ ಬಂದು, ಬಿಚ್ಚು ಎಂದು ಯಮನಪ್ಪನಿಗೆ ಹೇಳಿದೆ. ಅವನು ಆಗಲೇ ಗಾಡಿಯ ಕೆಳಗಿದ್ದ. ಒಂದು ಕ್ಷಣ ಅವನ ಪಾನದ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಬಸ್ಸು ಗಿರಣಿಯ ತಿರುವಿನಲ್ಲಿ ಜಾರಿ ಗಿರಣಿಯ ಗೋಡೆಗೆ ಎಡಮಗ್ಗುಲಿಂದ ಬಡಿಯಿತು. ಹನ್ನೊಂದು ಜನರಿದ್ದರು. ಹತ್ತು ಜನಕ್ಕೆ ಸಣ್ಣಪುಟ್ಟ ಗಾಯ. ಎಡಗಡೆಯ ಮೂರನೇ ಸೀಟಿನಲ್ಲಿದ್ದ ಕಸ್ತೂರಿ ಅಲ್ಲೇ ತೀರಿಕೊಂಡಳು. ಸದ್ದು ಗೇಟಿನವರೆಗೆ ಕೇಳಿಸಿತು. ಯಮನಪ್ಪ ಕೈಯಲ್ಲಿದ್ದ ಪಾನವನ್ನು ಕೆಳಗಿಡದೆ ಓಡಿದ. ನಾನು ಅವನ ಹಿಂದೆ ಓಡಿದೆ. ಗಿರಣಿಗೆ ಐವತ್ತು ಗಜ ಇರುವಾಗ, ಓಟದ ಭರಕ್ಕೆ ಚಪ್ಪಲಿಯ ಮೊಳೆಯೂ ಹಿಡಿಯದೆ ಇಬ್ಬರ ಕಾಲೂ ಒಟ್ಟಿಗೆ ಜಾರಿದವು. ಉಳಿದಷ್ಟು ದೂರ ನಾವು ಕೂತೇ ಜಾರಿಕೊಂಡು ಹೋದೆವು.

ಹದಿನೈದು ದಿನದ ಮೇಲೆ ವಿಚಾರಣೆ ನಡೆಯಿತು. ಮೇಲಿನ ಪೇಟೆಯ ಪುರಸಭೆಯ ಸಭಾಂಗಣದಲ್ಲಿ ಒಂದು ಉದ್ದ ಮೇಜು, ಅದರ ಹಿಂದೆ ಎರಡೂ ಪೇಟೆಯಿಂದ ಮೂವರು ಮೂವರು. ಕೆಳಗೆ ನುಣುಪು ಬಂದಿರುವುದನ್ನು ಚಾಲಕಿ ನಿಮಗೆ ತಿಳಿಸಿದ್ದಳೇ ಎಂದು ಕೇಳಿದರು. ಮನೆಯಿಂದ ಹೊರಡುವಾಗ ಹೌದು ಎನ್ನುವುದೆಂದೇ ನಿಶ್ಚಯ ಮಾಡಿಕೊಂಡಿದ್ದೆ. ಬಾಯಿ ತೆರೆದಾಗ ಇಲ್ಲ ಎಂಬ ಮಾತು ಬಂತು. ದ್ಯಾಮವ್ವ ನನ್ನ ಎದುರಿಗೇ ಕೂತಿದ್ದಳು, ಹಣೆಗೆ ಪಟ್ಟಿ ಕಟ್ಟಿತ್ತು. "ಸಾಹೇಬ್ರ," ಎಂದಳು. ಅಷ್ಟೇ. ಯಮನಪ್ಪನನ್ನು ಕರೆದು ಕೇಳಿದಾಗ ಅವನು ನೆಲ ನೋಡುತ್ತ, ತಾನು ಗಾಡಿಯ ಕೆಳಗಿದ್ದೆ, ಏನೂ ಕೇಳಿಸಲಿಲ್ಲ ಎಂದ. ಮಗಳನ್ನು ಕಳೆದುಕೊಂಡವನ ಮಾತನ್ನು ಯಾರೂ ಕೆದಕಲಿಲ್ಲ. ದ್ಯಾಮವ್ವನ ಲೈಸೆನ್ಸು ರದ್ದಾಯಿತು. ನಾನು ನಿಯಮದಂತೆ ನಡೆದುಕೊಂಡಿದ್ದೇನೆ ಎಂದು ಬರೆದುಕೊಟ್ಟರು.

ಆಮೇಲಿನ ವರ್ಷ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ಊಟದ ನಡುವೆ ಎದ್ದು ಅಂಗಳಕ್ಕೆ ಹೋಗಿ ಬರುತ್ತಿದ್ದೆ. ಕೂತರೆ ಕೂತ ಹಾಗೆ ಇರಬಾರದೇ ಎಂದು ಹೆಂಡತಿ ಗಿರಿಜವ್ವ ಮೊದಮೊದಲು ಗೊಣಗಿದಳು, ಆಮೇಲೆ ನನ್ನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಸುಮ್ಮನಾದಳು. ಗೇಟಿನಲ್ಲಿ ಕುರ್ಚಿಯಿಂದ ಎದ್ದು ಬಾಕಿಗೆ, ಬಾಕಿನಿಂದ ಎದ್ದು ಕಂಬಕ್ಕೆ ತಿರುಗಾಡುತ್ತಿದ್ದೆ. ಕಚೇರಿಯ ಕಡತಗಳನ್ನು ಒಂದು ಕಪಾಟಿನಿಂದ ಇನ್ನೊಂದಕ್ಕೆ ಸಾಗಿಸಿ, ಮರುವಾರ ಮತ್ತೆ ಮೊದಲಿನ ಕಪಾಟಿಗೆ ತಂದಿಟ್ಟೆ. ಯಮನಪ್ಪ ಮಗಳ ಸೂತಕ ಮುಗಿಸಿ ಹದಿಮೂರನೆಯ ದಿನವೇ ಕೆಲಸಕ್ಕೆ ಬಂದಿದ್ದ. ನನ್ನ ಚಹಾವನ್ನು ಮೊದಲಿನಂತೆಯೇ ತಂದು ಮೇಜಿನ ಮೇಲೆ ಇಡುತ್ತಿದ್ದ. ಅವನು ಒಂದು ಸಲ ಆ ಲೋಟವನ್ನು ನನ್ನ ಮುಖಕ್ಕೆ ಎಸೆಯಲಿ ಎಂದು ಎಷ್ಟು ದಿನ ಕಾದೆನೋ. ಬೇಸಿಗೆಯಲ್ಲಿ ಒಮ್ಮೆ ತಡೆಯಲಾರದೆ, ನಿನಗೆ ನನ್ನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿಯೇಬಿಟ್ಟೆ. ಅವನು ಜಾಕಿಗೆ ಗ್ರೀಸು ಹಚ್ಚುತ್ತಿದ್ದ. ತಲೆ ಎತ್ತದೆ, ಗ್ರೀಸು ಮುಗಿದಿದೆ, ಡಬ್ಬ ತರಿಸಬೇಕು ಎಂದ.

ದ್ಯಾಮವ್ವನ ಸುದ್ದಿ ಆಗೀಗ ಬರುತ್ತಿತ್ತು. ಚಪ್ಪಲಿಗೆ ಮೊಳೆ ಹೊಡೆಯುವ ಕೆಲಸ ಹಿಡಿದಿದ್ದಾಳಂತೆ, ಅವಳ ಓಣಿಯ ಜನವೇ ಅವಳ ಹತ್ತಿರ ಹೊಡೆಸುವುದಿಲ್ಲವಂತೆ. ಕಸ್ತೂರಿ ಆ ಪೇಟೆಯ ಅರ್ಧ ಹೆಂಗಸರಿಗೆ ರವಿಕೆ ಹೊಲಿದವಳು. ಅವಳನ್ನು ಗೋಡೆಗೆ ಬಡಿದು ಕೊಂದವಳ ಕೈಯಿಂದ ಮೊಳೆ ಹೊಡೆಸಿಕೊಳ್ಳಲು ಯಾರಿಗೂ ಮನಸ್ಸು ಬರಲಿಲ್ಲ. ಇದನ್ನೆಲ್ಲ ಬಾಕಿನ ಮೇಲೆ ಕೂತ ಜನ ಮಾತಾಡಿಕೊಳ್ಳುವಾಗ ನಾನು ಎದ್ದು ಗಾಲಿಗಳ ಗಾಳಿ ಪರೀಕ್ಷಿಸುವವನಂತೆ ದೂರ ಹೋಗುತ್ತಿದ್ದೆ.

ಅಕ್ಟೋಬರ್ ಬಂದ ಕೂಡಲೆ ಹೊಸ ಚಟ ಹತ್ತಿತು. ದಿನಾ ಬೆಳಿಗ್ಗೆ ಗೇಟು ತೆಗೆಯುವ ಮೊದಲು ಗಿರಣಿಯ ತಿರುವಿನವರೆಗೆ ಇಳಿದು ಹೋಗಿ, ಮೊಣಕಾಲೂರಿ, ಅಂಗೈಯಿಂದ ರಸ್ತೆಯನ್ನು ಸವರಿ ನೋಡುವುದು. ಗಿರಣಿಗೆ ಜೋಳ ತರುವ ಹೆಂಗಸರು ನಿಂತು ನೋಡುತ್ತಿದ್ದರು. ನವೆಂಬರ್ ಎಂಟರಂದು ಸವರಿದಾಗ ಅಂಗೈ ಎಲ್ಲೂ ತಡೆಯದೆ ಮುಂದಕ್ಕೆ ಹೋಯಿತು. ನಾನು ಮುಗ್ಗರಿಸಿ ಗಲ್ಲ ನೆಲಕ್ಕೆ ತಾಗಿತು. ಬಗ್ಗಿ ನೋಡಿದರೆ ರಸ್ತೆಯಲ್ಲಿ ನನ್ನ ಮುಖ ಕಾಣುತ್ತಿತ್ತು.

ಹನ್ನೊಂದರ ಬಸ್ಸಿಗೆ ಈಗ ಬೇರೆ ಊರಿನಿಂದ ಬಂದ ಹೊಸ ಚಾಲಕನಿದ್ದ. ಅವನಿಗೆ ನುಣುಪಿನ ಗುರುತು ಗೊತ್ತಿರಲಿಲ್ಲ. ಬಸ್ಸು ನಿಲ್ಲಿಸಿ ಬಾಕಿಗೆ ಹೋಗಿ ಬೀಡಿ ಹಚ್ಚಿದ. ಯಮನಪ್ಪ ಜಾಕಿ ಎತ್ತಿಕೊಂಡ.

"ಬಿಚ್ಚಬ್ಯಾಡ," ಎಂದೆ.

ಅವನು ಜಾಕಿಯನ್ನು ಹಿಡಿದೇ ನಿಂತ. ಕ್ಯಾಲೆಂಡರ್ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದ, ಆ ವರ್ಷದಲ್ಲಿ ಮೊದಲ ಸಲ. ನಂತರ ಜಾಕಿಯನ್ನು ನೆಲಕ್ಕಿಟ್ಟು, ಗೇಟಿನ ಅಡ್ಡಗೋಲನ್ನು ತಾನೇ ಎತ್ತಿದ. ಬಸ್ಸು ಮೊಳೆಗಾಲಿಯಲ್ಲಿ ಕರಕರ ಸದ್ದು ಮಾಡುತ್ತ ಇಳಿಯಿತು. ಹಿಂದೆ ಕೆಂಪು ಧೂಳು ಎದ್ದಿತು. ಗಿರಣಿಯ ತಿರುವಿನಲ್ಲಿ ಧೂಳು ನಿಂತು, ಬಸ್ಸು ನಿಧಾನಕ್ಕೆ ತಿರುಗಿ ಮರೆಯಾಯಿತು. ಆ ದಿನ ಗೇಟಿಗೆ ಬಂದ ಮೂವತ್ತೊಂದು ವಾಹನಗಳನ್ನೂ ಹಾಗೆಯೇ ಬಿಟ್ಟೆ.

ನಾಲ್ಕನೆಯ ದಿನ ನೋಟಿಸು ಬಂತು. ಅದೇ ಸಭಾಂಗಣ, ಅದೇ ಮೇಜು. ಅಂಬುಜಾಕ್ಷಿಯವರೇ ಮಾತಾಡಿದರು. ತಿರುವಿನಲ್ಲಿ ನುಣುಪು ಬಂದಿದ್ದನ್ನು ತಾವು ಒಪ್ಪುತ್ತೇವೆ, ಆದರೆ ಗೇಟಿನಿಂದ ತಿರುವಿನವರೆಗಿನ ಇನ್ನೂರು ಗಜ ಒಣರಸ್ತೆ, ಒಂದೇ ದಿನಕ್ಕೆ ಬೆರಳು ಆಳದ ಗೀರು ಬಿದ್ದಿದೆ, ಆ ಇನ್ನೂರು ಗಜದ ಬದಿಗೆ ಹದಿನೆಂಟು ಮನೆಗಳಿವೆ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆಮೇಲೆ ಅವರು ಕಾಗದಗಳನ್ನು ತಿರುವಿ, ತಮಗೆ ಒಂದು ಮಾತು ಅರ್ಥವಾಗುತ್ತಿಲ್ಲ ಎಂದರು. ಹೋದ ವರ್ಷ ಚಾಲಕಿ ತಿಳಿಸಲಿಲ್ಲ, ಆದ್ದರಿಂದ ನಿಮಗೆ ಗೊತ್ತಾಗಲಿಲ್ಲ. ಈ ವರ್ಷದ ಚಾಲಕನೂ ತಿಳಿಸಿಲ್ಲ. ಹಾಗಾದರೆ ಈ ಸಲ ಅಲ್ಲಿಗೆ ಹೋಗಿ ನೋಡಬೇಕೆಂದು ನಿಮಗೆ ಅನಿಸಿದ್ದು ಹೇಗೆ?

ಅವರು ನನ್ನನ್ನು ಸಿಕ್ಕಿಸಬೇಕೆಂದು ಕೇಳಿದ ಪ್ರಶ್ನೆಯಲ್ಲ ಅದು. ತಿಳಿಯಬೇಕೆಂದೇ ಕೇಳಿದ್ದರು. ನಾನು ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದೆ.

"ಹ್ವಾದ ವರ್ಷ ಚಾಲಕಿ ಹೇಳಿದ್ಲರಿ," ಎಂದೆ. "ಗಿರಣಿ ತಿರುವು ಅಂತ ಜಾಗಾನೂ ಹೇಳಿದ್ಲು. ನಾನ ಕೇಳಲಿಲ್ಲ. ಆಮ್ಯಾಲ ಇಲ್ಲಿ ನಿಂತು ಸುಳ್ಳು ಹೇಳಿದೆ."

ಬರೆಯುತ್ತಿದ್ದ ಗುಮಾಸ್ತ ಪೆನ್ನು ಎತ್ತಿ, ಇದನ್ನು ಬರೆಯಲೇ ಎಂದು ಕಣ್ಣಿನಲ್ಲೇ ಕೇಳಿದ. ಅಂಬುಜಾಕ್ಷಿಯವರು ತಲೆಯಾಡಿಸಿದರು.

ನನ್ನ ಕೆಲಸ ಹೋಯಿತು. ದ್ಯಾಮವ್ವನ ಲೈಸೆನ್ಸು ವಾಪಸಾಯಿತು. ಹದಿನೈದನೇ ತಾರೀಕಿನ ನಿಯಮ ಹಾಗೆಯೇ ಉಳಿಯಿತು. ತಪಾಸಣೆಗಾರ ದಿನಾ ಬೆಳಿಗ್ಗೆ ಗಿರಣಿಯವರೆಗೆ ನಡೆದು ಹೋಗಿ ನೋಡಿ ಬರಬೇಕು, ನುಣುಪು ಕಂಡರೆ ಗಿರಣಿಯ ಹತ್ತಿರವೂ ಒಂದು ಗೇಟು ಹಾಕಿ ಅಲ್ಲಿ ಮತ್ತೆ ಮೊಳೆಗಾಲಿ ಹಾಕಿಸಬೇಕು ಎಂದು ಕೆಳಗೆ ಒಂದು ಸಾಲು ಸೇರಿಸಿದರು. ಕೆಲಸ ಹೋದರೆ ಕೂರಲು ಆಗಬಹುದೆಂದುಕೊಂಡಿದ್ದೆ. ಆಗಲಿಲ್ಲ. ಸತ್ಯ ಹೇಳಿದ್ದಾಯಿತು, ಶಿಕ್ಷೆ ಆಯಿತು, ಆದರೂ ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಸುತ್ತುವ ಕಾಲು ನಿಲ್ಲಲಿಲ್ಲ.

ಡಿಸೆಂಬರಿನ ಮೊದಲ ವಾರ, ಮಧ್ಯಾಹ್ನ ಮೂರರ ಹೊತ್ತಿಗೆ ದ್ಯಾಮವ್ವ ನಮ್ಮ ಮನೆಗೆ ಬಂದಳು. ಗಿರಿಜವ್ವ ಚಾಪೆ ಹಾಸಿದಳು. ದ್ಯಾಮವ್ವ ಕೂರಲಿಲ್ಲ. ನಾನು ಕ್ಷಮೆ ಕೇಳಲು ಬಾಯಿ ತೆರೆದಾಗ ಕೈ ಎತ್ತಿ ತಡೆದಳು.

"ಕಚೇರಿಯೊಳಗ ಹೇಳಿದ್ರಿ. ಕಾಗದಕ್ಕ ಗೊತ್ತಾತು. ನಮ್ಮ ಓಣಿಗೆ ಯಾರು ಹೇಳವರು? ನಮ್ಮವ್ವ ಶ್ರಾವಣದಾಗ ಸತ್ಲು. ಆ ಹುಡಿಗಿನ್ನ ನಾನ ಕೊಂದೀನಿ ಅಂತ ತಿಳಕೊಂಡ ಸತ್ಲು. ಅಕಿಗೆ ಇನ್ನ ಹೇಳಾಕ ಬರೂದಿಲ್ಲ. ಉಳಿದವರಿಗೆ ಹೇಳ್ರಿ. ಮನಿಮನಿಗೆ ಬಂದು, ನಿಮ್ಮ ಬಾಯಿಂದ."

ಗಿರಿಜವ್ವ ನನ್ನ ಮೊಳೆಯ ಚಪ್ಪಲಿಗಳನ್ನು ತಂದು ಮುಂದಿಟ್ಟಳು. ನಾವು ಹೊರಟೆವು. ಗಡಿಗೇಟು ದಾಟುವಾಗ ಯಮನಪ್ಪ ಗಾಲಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಎಲ್ಲಿಗೆ ಎಂದು ದ್ಯಾಮವ್ವನನ್ನು ಕೇಳಿದ. ಅವಳು ಹೇಳಿದಳು. ಅವನು ಕೈಯನ್ನು ಅರಿವೆಗೆ ಒರೆಸಿಕೊಂಡು ನಮ್ಮ ಹಿಂದೆ ಬಂದ. ಹತ್ತು ಹೆಜ್ಜೆ ಹಿಂದೆಯೇ ಉಳಿದು ನಡೆಯುತ್ತಿದ್ದ.

ದ್ಯಾಮವ್ವನ ಓಣಿಯಲ್ಲಿ ಹದಿನೇಳು ಮನೆಗಳು. ಉದ್ದಕ್ಕೂ ನುಣುಪು ಹೊಳೆಯುತ್ತಿತ್ತು, ಎರಡೂ ಗೋಡೆಗೆ ಹಗ್ಗ ಬಿಗಿದಿತ್ತು. ಮೊದಲ ಮನೆಯಲ್ಲಿ ಒಬ್ಬ ಮುದುಕಿ ಹೊಸ್ತಿಲ ಒಳಗೆ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಹೆಸರು ಹೇಳಿಕೊಂಡು, ದ್ಯಾಮವ್ವ ಅವತ್ತು ನನಗೆ ಹೇಳಿದ್ದಳು, ನಾನು ಕೇಳಲಿಲ್ಲ, ಆಮೇಲೆ ಸುಳ್ಳು ಹೇಳಿದೆ ಎಂದೆ. ಮುದುಕಿ ಹೌದೇ ಎಂದು ದ್ಯಾಮವ್ವನ ಮುಖ ನೋಡಿ, ಮೊರದೊಳಗಿನ ಕಲ್ಲನ್ನು ಹೊರಗೆಸೆದಳು. ಎರಡನೆಯ ಮನೆಯ ಗಂಡಸು ಪೂರ್ತಿ ಕೇಳದೆ ಬಾಗಿಲು ಹಾಕಿಕೊಂಡ. ಮುಚ್ಚಿದ ಬಾಗಿಲಿಗೇ ಉಳಿದದ್ದನ್ನು ಹೇಳಿಸಿದಳು ದ್ಯಾಮವ್ವ. ಮೂರನೆಯ ಮನೆಯ ಹೆಂಗಸಿನ ಮೈಮೇಲೆ ಕಸ್ತೂರಿ ಹೊಲಿದ ರವಿಕೆ ಇತ್ತು. ಅದರ ತೋಳಿನ ಅಂಚಿನ ಕೈಹೊಲಿಗೆ ನನಗೆ ಗುರುತು ಸಿಕ್ಕಿತು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಅವಳು ಕೇಳಿದಳು. ಹೆದರಿಕೆ ಎಂದೆ. ಯಾರ ಹೆದರಿಕೆ ಎಂದು ಕೇಳಿದಳು.

ನಾಲ್ಕನೆಯ ಮನೆಯ ಮುಂದೆ ಗಂಡಹೆಂಡತಿ ಇಬ್ಬರೂ ಹೊರಗೆ ಬಂದು ನಿಂತರು. ನಾನು ಹೇಳಿ ಮುಗಿಸಿದೆ. ಗಂಡ ನನ್ನನ್ನು ಬಿಟ್ಟು, ಹಿಂದೆ ಹಗ್ಗ ಹಿಡಿದು ನಿಂತಿದ್ದ ಯಮನಪ್ಪನ ಕಡೆ ತಿರುಗಿ, ಮಗಳನ್ನು ಕಳಕೊಂಡವನು ನೀನು, ಇಂಥವನ ಜೊತೆ ಒಂದು ವರ್ಷ ಹೇಗೆ ಕೆಲಸ ಮಾಡಿದೆಯಪ್ಪಾ ಎಂದ.

ಯಮನಪ್ಪ ಹಗ್ಗ ಬಿಟ್ಟು ಮುಂದೆ ಬಂದ.

"ನಾನೂ ಕೇಳಿದ್ದೆ," ಎಂದ. "ಗಾಡಿ ಕೆಳಗಿದ್ದೆ, ಖರೆ. ಕಿವುಡ ಆಗಿರಲಿಲ್ಲ. ಇಕಿ ನುಣುಪು ಐತಿ ಅಂದಿದ್ದು ಕೇಳಿತ್ತು. ಇವರು ಬಿಚ್ಚು ಅಂದಿದ್ದೂ ಕೇಳಿತ್ತು. ಬಾಕಿನ ಮ್ಯಾಲ ನನ್ನ ಮಗಳು ಕುಂತಿದ್ಲು. ಪಾನ ನನ್ನ ಕೈಯಾಗಿತ್ತು. ನಾ ಬಿಚ್ಚಿದೆ." ತನ್ನ ಅಂಗೈ ನೋಡಿಕೊಂಡು, "ಕೇಳಿತ್ತು ಅಂತ ವಿಚಾರಣಿಯೊಳಗ ಹೇಳಿದ್ರ, ಮತ್ತ ಯಾಕ ಬಿಚ್ಚಿದಿ ಅಂತ ಕೇಳತಿದ್ರು," ಎಂದ.

ನನ್ನ ಮಟ್ಟಿಗೆ ಆ ವರ್ಷವೆಲ್ಲ ಅವನ ಮೌನ ನನ್ನ ಮೇಲಿನ ತೀರ್ಪಾಗಿತ್ತು. ಅದರಲ್ಲಿ ನನ್ನ ಪಾಲು ಎಷ್ಟು ಕಡಿಮೆಯಿತ್ತೆಂದು ಆಗ ತಿಳಿಯಿತು. ದಿನಾ ಚಹಾ ತಂದಿಡುತ್ತಿದ್ದವನು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ನಾನು ಅದನ್ನು ನೋಡಿರಲಿಲ್ಲ.

ದ್ಯಾಮವ್ವ ಯಮನಪ್ಪನನ್ನು ಬಹಳ ಹೊತ್ತು ನೋಡಿದಳು. ಅವಳ ದವಡೆ ಬಿಗಿಯುವುದು, ಸಡಿಲಾಗುವುದು ಕಾಣುತ್ತಿತ್ತು. ಅವನನ್ನು ಹೊಡೆಯುತ್ತಾಳೋ, ಅವನ ಭುಜ ಹಿಡಿದು ಅಳುತ್ತಾಳೋ ನನಗೆ ತಿಳಿಯಲಿಲ್ಲ. ಎರಡನ್ನೂ ಮಾಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದ ದಾರಿಯ ಕಡೆ ಕೈ ತೋರಿಸಿದಳು.

"ಹಿಂದಿನ ಮೂರು ಮನಿಗೆ ಹೋಗಿ ಇದನ್ನೂ ಹೇಳಿ ಬರ್ರಿ. ಇಬ್ಬರೂ ಹೋಗ್ರಿ. ಆಮ್ಯಾಲ ಐದನೇದಕ್ಕ ಹೋಗೂಣು."

ನಾವು ತಿರುಗಿದೆವು. ಬಿಸಿಲು ಓಣಿಯ ಉದ್ದಕ್ಕೂ ಬಿದ್ದು ನೆಲ ಕಣ್ಣು ಕುಕ್ಕುತ್ತಿತ್ತು. ಯಮನಪ್ಪನ ಚಪ್ಪಲಿಯ ಮೊಳೆಗಳು ಸವೆದುಹೋಗಿದ್ದವು. ಎರಡು ಹೆಜ್ಜೆಗೊಮ್ಮೆ ಕಾಲು ಜಾರುತ್ತಿತ್ತು. ನಾನು ತೋಳು ಚಾಚಿದೆ. ಅವನು ಅದನ್ನು ನೋಡಿದ, ಹಿಡಿಯಲಿಲ್ಲ, ಗೋಡೆಯ ಹಗ್ಗವನ್ನೇ ಹಿಡಿದುಕೊಂಡ. ಆದರೆ ಈ ಸಲ ಹಿಂದೆ ಉಳಿಯದೆ ನನ್ನ ಪಕ್ಕದಲ್ಲೇ ನಡೆದ. ಮೊದಲ ಮನೆಯ ಮುದುಕಿ ಮೊರವನ್ನು ಒಳಗಿಟ್ಟು ಬಾಗಿಲು ಮುಂದಕ್ಕೆ ಎಳೆದುಕೊಂಡಿದ್ದಳು. ಯಮನಪ್ಪ ಮುಂದೆ ಹೋಗಿ ಚಿಲಕ ಬಡಿದ.